ಹಿಂಬದಿಯ ಗಂಟು

ಯಾರದಾದರೂ ಗೃಹಪ್ರವೇಶಕ್ಕೆ ಹೋದಾಗ ನಾವು ಹೆಂಗಸರು ಏನೇನು ನೋಡುತ್ತೇವೆ ಹೇಳಿ. ಅಡುಗೆಕಟ್ಟೆ ಎಷ್ಟು ಎತ್ತರವಿದೆ, ತೊಳೆದ ಪಾತ್ರೆ ಬೋರಲು ಹಾಕಲು ಜಾಗವಿದೆಯೇ, ದೇವರ ಕೋಣೆಯ ಬಾಗಿಲಿಗೆ ಗಂಟೆ ಕಟ್ಟಿಸಿದ್ದಾರೋ ಇಲ್ಲವೋ, ಬಟ್ಟೆ ಒಣಗಲು ಬಿಸಿಲು ಯಾವ ಕಡೆಯಿಂದ ಬೀಳುತ್ತದೆ. ಇಷ್ಟನ್ನು ನೋಡಿ, ಎರಡು ಮಾತು ಹೊಗಳಿ, ಒಂದು ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಊಟಕ್ಕೆ ಕೂರುತ್ತೇವೆ. ನನಗೆ ಮಾತ್ರ ಕೆಲವು ವರ್ಷಗಳಿಂದ ಇನ್ನೊಂದು ಚಾಳಿ ಅಂಟಿಕೊಂಡಿದೆ. ಮುಂಬಾಗಿಲಿನ ಹಿಂದೆಯೋ ಮೆಟ್ಟಿಲ ಕೆಳಗೋ ಗೋಡೆಯೊಳಗೆ ಹುದುಗಿಸಿದ ಒಂದು ಬಿಳಿ ಪೆಟ್ಟಿಗೆ ಇರುತ್ತದಲ್ಲ, ಮನೆಗೆ ಬಂದ ಕರೆಂಟನ್ನು ಕೋಣೆಕೋಣೆಗೆ ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡು, ಕೆಲಸದವರ ಬಾಯಲ್ಲಿ ಬರೀ ‘ಡಿ.ಬಿ.’, ಅದರ ಬಾಗಿಲು ತೆಗೆದು ನೋಡುವುದು.

ತಂಗಿಯ ಮಗಳು 2022ರಲ್ಲಿ ಮೈಸೂರಿನಲ್ಲಿ ಮನೆ ಕೊಂಡಾಗಲೂ ಹಾಗೇ ಮಾಡಿದೆ. ಉಳಿದವರೆಲ್ಲ ಬಾಲ್ಕನಿಯಿಂದ ಚಾಮುಂಡಿಬೆಟ್ಟ ಕಾಣುತ್ತದೆಯೇ ಎಂದು ಕತ್ತು ಉದ್ದ ಮಾಡುತ್ತಿದ್ದರೆ ನಾನು ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯ ಮುಂದೆ ನಿಂತಿದ್ದೆ. “ದೊಡ್ಡಮ್ಮಾ, ನೀನು ನೆಂಟಳಾಗಿ ಬಂದಿದ್ದೀಯೋ ಇನ್‌ಸ್ಪೆಕ್ಟರಾಗಿಯೋ?” ಎಂದು ಹುಡುಗಿ ನಕ್ಕಳು. ನಗಲಿ. ಈ ಚಾಳಿ ಹೇಗೆ ಬಂತು ಎಂದು ಅವಳಿಗೆ ಹೇಳಿಲ್ಲ. ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ.

ನಮ್ಮದು ಸಾಗರ. ಜೋಗದ ಮಗ್ಗುಲಿನ ಊರು. ಶರಾವತಿಯ ಕರೆಂಟು ನಾಡಿಗೆಲ್ಲ ಹೋದರೂ, 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತ ಮೇಲೆ ಊರು ಬಿಟ್ಟು ಹೋದವರ ಎಷ್ಟೋ ಮನೆಗಳಲ್ಲಿ ಬಹಳ ವರ್ಷ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಅದೊಂದು ಬೇರೆಯೇ ಕಥೆ, ಇಲ್ಲಿ ಬೇಡ. ನಮ್ಮ ತವರಿನಲ್ಲಿ ಕರೆಂಟು ಬಂದ ಕಾಲಕ್ಕೆ ಮರದ ಹಲಗೆಯ ಮೇಲೆ ಪಿಂಗಾಣಿಯ ಫ್ಯೂಸುಗಳಿದ್ದವು. ಮಳೆಗಾಲದಲ್ಲಿ ಅವು ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದವು. ಅಪ್ಪ ಒಂದೆರಡು ಸಲ ಕೂದಲೆಳೆಯಂಥ ಫ್ಯೂಸು ತಂತಿ ಸುತ್ತಿ ನೋಡಿದರು. ಮೂರನೇ ಸಲ ರೇಗಿ, ಹಳೆಯ ವೈರಿನಿಂದ ನಾಲ್ಕೈದು ತಾಮ್ರದ ಎಳೆ ಕಿತ್ತು, ಒಟ್ಟಿಗೆ ಹೊಸೆದು ಬಿಗಿದರು. “ಇನ್ನು ಇದರಪ್ಪನೂ ಹೋಗೋದಿಲ್ಲ” ಎಂದರು. ನಾವು ಮಕ್ಕಳು ಚಪ್ಪಾಳೆ ತಟ್ಟಿದೆವು. ಕೈ ಸುಟ್ಟೀತೆಂದು ಕೂಗುವ ಮುದುಕಿಯ ಬಾಯಿಗೆ ಬಟ್ಟೆ ತುರುಕಿ ಮನೆ ಶಾಂತವಾಯಿತು ಅಂದುಕೊಂಡ ಹಾಗೆ ಅದು. ಆಗ ಯಾರಿಗೂ ಹಾಗನ್ನಿಸಲಿಲ್ಲ.

ನಾವು 1994ರಲ್ಲಿ ಕಟ್ಟಿದ ಮನೆಗೆ 2008ರಲ್ಲಿ ಹಿಂದೆ ಎರಡು ಕೋಣೆ ಸೇರಿಸಿದೆವು. ವೈರಿಂಗ್ ಎಲ್ಲ ಹೊಸದಾಗಿ ಆಯಿತು. ಸಹಿ ಲೈಸೆನ್ಸು ಇದ್ದ ಕಂಟ್ರಾಕ್ಟರರದು, ಕೈ ನಮ್ಮ ಬೀದಿಯದೇ ಹುಡುಗನೊಬ್ಬನದು. ಇಪ್ಪತ್ತೈದರ ಆಸುಪಾಸು, ಮಾತು ಕಡಿಮೆ. ಕೆಲಸ ಮುಗಿದ ದಿನ ನನ್ನನ್ನು ಕರೆದು ಪೆಟ್ಟಿಗೆಯೊಳಗಿನ ತಗಡನ್ನೂ ತೆಗೆದು ತೋರಿಸಿದ. ಕೆಂಪು, ಕಪ್ಪು, ಹಸಿರು ತಂತಿಗಳು ಎಣ್ಣೆ ಹಚ್ಚಿ ಬಾಚಿ ಹೆಣೆದ ಜಡೆಯ ಹಾಗೆ ಸಾಲಾಗಿ ಇಳಿದು, ಬಾಗಬೇಕಾದಲ್ಲಿ ಮಾತ್ರ ಬಾಗಿ, ತಂತಮ್ಮ ಸ್ಥಾನ ಸೇರಿದ್ದವು. ಒಂದೊಂದು ಎಂ.ಸಿ.ಬಿ.ಯ ಕೆಳಗೂ ಚೀಟಿ ಅಂಟಿಸಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದ: ‘ಅಡುಗೆಮನೆ’, ‘ಬಚ್ಚಲು’, ‘ಹಿತ್ತಲು’. ದೇವರ ಕೋಣೆಯ ಲೈಟಿಗೆ ಜಾಗ ಸಾಲದೆ ಬರೀ ‘ದೇವರು’ ಎಂದಿತ್ತು. ಅದರ ಮೇಲೆ 6 ಆಂಪಿಯರ್ ಎಂದು ಅಚ್ಚಾಗಿತ್ತು. ನಮ್ಮವರು ಅದನ್ನು ನೋಡಿ ದಿನವೆಲ್ಲ ನಕ್ಕರು. ನಾನಂತೂ ಕರಗಿಹೋದೆ. ಇಷ್ಟು ಚೆಂದ ಕೆಲಸ ಮಾಡುವ ಹುಡುಗ ಎಂದು ಬೀದಿಯಲ್ಲೆಲ್ಲ ಹೊಗಳಿದೆ. ಕೆಲಸ ಪೂರ್ಣವಾಯಿತೆಂಬ ವರದಿಯ ಮೇಲೆ ಯಜಮಾನರ ಸಹಿಯೂ ಬೇಕಿತ್ತು. ಮನೆ ನನ್ನ ಹೆಸರಿನಲ್ಲಿದ್ದುದರಿಂದ ನಾನೇ ಹಾಕಿದೆ. ಅರ್ತಿಂಗು ಎಷ್ಟು, ಇನ್ಸುಲೇಷನ್ ಎಷ್ಟು ಎಂದೆಲ್ಲ ಅದರಲ್ಲಿ ಕಾಲಮ್ಮುಗಳಿದ್ದವು. ಓದಲಿಲ್ಲ.

2009ರ ಮಳೆಗಾಲ. ಆಗ ನಮ್ಮವರಿಗೆ ಬ್ಯಾಂಕಿನಿಂದ ಗದಗಕ್ಕೆ ವರ್ಗವಾಗಿತ್ತು, ಮನೆಯ ಯಜಮಾನಿಕೆಯೆಲ್ಲ ನನ್ನದು. ಪೆಟ್ಟಿಗೆಯ ಮೊದಲಿಗೆ ಉಳಿದವಕ್ಕಿಂತ ಅಗಲವಾದ ಒಂದು ಸ್ವಿಚ್ಚಿತ್ತು, ಮೇಲೊಂದು ಸಣ್ಣ ಹಳದಿ ಗುಂಡಿ. ಆರ್.ಸಿ.ಸಿ.ಬಿ. ಎನ್ನುತ್ತಾರೆ. ದಿನಕ್ಕೆ ನಾಲ್ಕು ಸಲ ಅದು ‘ಟಪ್’ ಎಂದು ಬಿದ್ದು ಇಡೀ ಮನೆ ಕತ್ತಲಾಗುತ್ತಿತ್ತು. ಕುಕ್ಕರು ಕೂಗುತ್ತಿರುವಾಗ ಟಪ್. ಮಿಕ್ಸಿಯಲ್ಲಿ ಚಟ್ನಿ ಅರ್ಧ ತಿರುಗಿದಾಗ ಟಪ್. ಹುಡುಗನಿಗೆ ಹೇಳಿಕಳಿಸಿದೆ. ಬಂದು ನೋಡಿದ. “ಅಮ್ಮಾ, ಇದು ಸುಮ್ನೆ ಬೀಳೋದಲ್ಲ. ಎಲ್ಲೋ ಲೀಕ್ ಇದೆ. ಹಿತ್ತಲ ವಾಷಿಂಗ್ ಮಿಷಿನ್ ಮೇಲೆ ಅನುಮಾನ. ಒಂದೊಂದೇ ಲೈನ್ ಬಿಚ್ಚಿ ನೋಡ್ಬೇಕು, ಒಂದು ದಿನ ಬೇಕು” ಎಂದ.

ಮರುದಿನ ಮಾವನವರ ತಿಥಿ. ಮನೆ ತುಂಬ ಜನ. ಹಿತ್ತಲಲ್ಲಿ ಪಾತ್ರೆಯ ರಾಶಿ. ಹುಣಸೆಹಣ್ಣು ಹಚ್ಚಿ ಕೊಳಗ ಉಜ್ಜುತ್ತ ನಮ್ಮ ಕೆಲಸದಾಕೆ ಕೂತಿದ್ದಳು. ನನಗೆ ತಲೆ ಕೆಟ್ಟಿತ್ತು. “ಹುಡುಕೋದೆಲ್ಲ ಆಮೇಲೆ. ಮೊದಲು ಇದು ಬೀಳದ ಹಾಗೆ ಮಾಡು. ನಿಂಗೆ ಬರುತ್ತೆ ಅಂತ ನಂಗೊತ್ತು” ಎಂದೆ. ಅವನು ಒಂದು ಗಳಿಗೆ ನಿಂತ. ಆ ಗಳಿಗೆ ನನಗೆ ಈಗಲೂ ನೆನಪಿದೆ. ಆಮೇಲೆ ಸ್ಟೂಲು ಹತ್ತಿ ಹತ್ತು ನಿಮಿಷದಲ್ಲಿ ಏನೋ ಮಾಡಿ ಇಳಿದ. ದುಡ್ಡು ಕೊಡಲು ಹೋದರೆ ಬೇಡ ಎಂದ. ಅಂದಿನಿಂದ ಅದು ಬೀಳಲಿಲ್ಲ. ‘ಆಮೇಲೆ’ ಎಂದದ್ದು ಬರಲೂ ಇಲ್ಲ. ಒಂದೆರಡು ಸಲ ದಾರಿಯಲ್ಲಿ ಸಿಕ್ಕಾಗ ಅವನು, “ಅಮ್ಮಾ, ಅದೊಂದು ನೋಡ್ಬೇಕಿತ್ತು” ಎಂದ. “ಬಾರೋ, ನೋಡಿದ್ರಾಯ್ತು” ಎಂದೆ.

2010ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕೆಲಸದಾಕೆ ಮಿಷಿನ್ನಿನಿಂದ ಒದ್ದೆ ಬಟ್ಟೆ ತೆಗೆಯಲು ಕೈ ಹಾಕಿದಳು. ಬರಿಗಾಲು, ಕಾಲ ಕೆಳಗೆ ನೀರು. ಕೂಗು ಪೂರ್ತಿ ಹೊರಬರಲೂ ಇಲ್ಲ, ಅರ್ಧಕ್ಕೇ ಕತ್ತರಿಸಿದಂತಾಯಿತು. ನಾನು ಓಡುವಷ್ಟರಲ್ಲಿ ಅವಳು ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ಕೈ ಕಿತ್ತುಕೊಂಡು ಬಂದದ್ದೇ ಪುಣ್ಯ, ಅಂಟಿಕೊಂಡಿದ್ದರೆ ಈ ಬರಹ ಬೇರೆ ಇರುತ್ತಿತ್ತು. ಬಿದ್ದ ಪೆಟ್ಟಿಗೆ ಬಲಮೊಣಕೈಯ ಮೂಳೆ ಬಿರಿದಿತ್ತು. ಆರು ವಾರ ಪ್ಲಾಸ್ಟರು. ಆಸ್ಪತ್ರೆಯ ಖರ್ಚು ಕೊಟ್ಟೆವು, ಸಂಬಳ ಹಿಡಿಯಲಿಲ್ಲ, ಎರಡು ಹೊತ್ತು ಊಟ ಅವಳ ಮನೆಗೇ ಕಳಿಸಿದೆ. ಒಳ್ಳೆಯ ಅಮ್ಮ ಎಂದು ಬೀದಿ ಮೆಚ್ಚಿತು.

ಪಕ್ಕದ ಮನೆಯವರು ವಿದ್ಯುತ್ ಮಂಡಳಿಗೆ ಲೈನ್‌ಮನ್ ಆಗಿ ಸೇರಿ, 1999ರಲ್ಲಿ ಅದು ನಿಗಮವಾದ ಮೇಲೂ ಇದ್ದು ನಿವೃತ್ತರಾದವರು. ನಮ್ಮ ಬಾಯಲ್ಲಿ ಇಂದಿಗೂ ‘ಕೆ.ಇ.ಬಿ.ಯವರು’. ಅವರು ಬಂದು ಮೇನ್ ಆಫ್ ಮಾಡಿ ಪೆಟ್ಟಿಗೆ ಬಿಚ್ಚಿದರು. ಮೊದಲು ಅವರೂ ಮೆಚ್ಚಿ ತಲೆದೂಗಿದರು. ಆಮೇಲೆ ಸುಮ್ಮನಾದರು. ಆರ್.ಸಿ.ಸಿ.ಬಿ. ತನ್ನ ಸ್ಥಾನದಲ್ಲೇ ಇತ್ತು, ಕಡ್ಡಿ ಮೇಲೆ ನಿಂತೇ ಇತ್ತು. ಆದರೆ ಅದಕ್ಕೆ ಬರುವ ತಂತಿಯನ್ನೂ ಅದರಿಂದ ಹೋಗುವ ತಂತಿಯನ್ನೂ ಬೆನ್ನ ಹಿಂದೆ ನೇರವಾಗಿ ಒಂದಕ್ಕೊಂದು ಜೋಡಿಸಲಾಗಿತ್ತು. ತಾಳಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತ ಗೊಂಬೆಯಂತಿತ್ತು ಅದು. ಎರಡನೆಯದು, ಹಿತ್ತಲ ಸಾಕೆಟ್ಟಿನಿಂದ ಬಂದ ಹಸಿರು ತಂತಿ. ಎಲ್ಲ ಹಸಿರು ತಂತಿಗಳನ್ನು ಒಂದು ಹಿತ್ತಾಳೆ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅವರು ಒಂದೊಂದನ್ನೂ ಎರಡು ಬೆರಳಿನಲ್ಲಿ ಹಿಡಿದು ಎಳೆಯುತ್ತ ಬಂದರು. ಇದೊಂದು ಎಳೆಯುವ ಮೊದಲೇ ಕೈಗೆ ಬಂತು.

ಆ ದಿನ ಸಂಜೆ ಅವರು ಕಾಫಿ ಕುಡಿಯುತ್ತ ನನಗೆ ತಿಳಿಯುವ ಹಾಗೆ ಹೇಳಿದ್ದನ್ನು ನಿಮಗೂ ಹೇಳಬೇಕು. ನಮಗೆಲ್ಲ ಎಂ.ಸಿ.ಬಿ. ಇದ್ದರೆ ಜೀವಕ್ಕೆ ಭಯವಿಲ್ಲ ಎಂಬ ನಂಬಿಕೆ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಮ್ಮನ್ನಲ್ಲ. ಹೊರೆ ಹೆಚ್ಚಾದಾಗ, ಶಾರ್ಟ್ ಆದಾಗ, ತಂತಿ ಕಾದು ಬೆಂಕಿ ಹಿಡಿಯುವ ಮುಂಚೆ ಬೀಳುತ್ತದೆ. ನಮ್ಮ ಹಿತ್ತಲಿನದು 16 ಆಂಪಿಯರಿನದು, ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಹೃದಯ ಲಯ ತಪ್ಪಲು ಅದರ ನೂರರ ಒಂದು ಪಾಲೂ ಬೇಡ. ಹಾಗಾಗಿ ಒಂದು ಜೀವ ಹೋಗುವಷ್ಟು ಕರೆಂಟು ಮೈಯಲ್ಲಿ ಹರಿದರೂ ಎಂ.ಸಿ.ಬಿ.ಗೆ ಅದು ಒಂದು ಸಣ್ಣ ಬಲ್ಬು ಉರಿದಷ್ಟೇ ಲೆಕ್ಕ. ಆರ್.ಸಿ.ಸಿ.ಬಿ. ಮಾಡುವ ಕೆಲಸ ಬೇರೆ. ಮದುವೆಮನೆಗೆ ಎರವಲು ಕೊಟ್ಟ ಪಾತ್ರೆಗಳನ್ನು ಎಣಿಸಿಯೇ ಒಳಗಿಡುತ್ತಿದ್ದ ಅಜ್ಜಿಯರಿದ್ದರಲ್ಲ, ಹಾಗೆ. ಕೆಂಪು ತಂತಿಯಲ್ಲಿ ಹೋದಷ್ಟು ಕಪ್ಪು ತಂತಿಯಲ್ಲಿ ಹಿಂದೆ ಬರಬೇಕು. 30 ಮಿಲಿ ಆಂಪಿಯರ್ ಕಡಿಮೆ ಬಂತೋ, ಅದು ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಹೋಯಿತೆಂದು ಅರ್ಥ. ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ.

ಈ ಲೆಕ್ಕಗಳು ಎಲ್ಲಿಂದ ಬಂದವೆಂಬುದನ್ನು ನಾನು ಬಹಳ ಆಮೇಲೆ ಓದಿದೆ. ಅಮೆರಿಕದ ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಎಂಬವರು 1940ರ ದಶಕದಲ್ಲಿ ತಾವಾಗಿ ಮುಂದೆ ಬಂದವರ ಕೈಗೆ ತಂತಿ ಹಿಡಿಸಿ, ಕರೆಂಟನ್ನು ಮೆಲ್ಲಗೆ ಏರಿಸುತ್ತ, ಎಷ್ಟರವರೆಗೆ ಮನುಷ್ಯ ತಾನಾಗಿ ಕೈ ಬಿಡಿಸಿಕೊಳ್ಳಬಲ್ಲ ಎಂದು ಅಳೆದರು. ಗಂಡಸರಲ್ಲಿ ಸರಾಸರಿ ಸುಮಾರು 16 ಮಿಲಿ ಆಂಪಿಯರ್. ಹೆಂಗಸರಲ್ಲಿ ಸುಮಾರು ಹತ್ತೂವರೆ. ಇದನ್ನು ಓದಿದಾಗ ನಾನು ಪುಸ್ತಕ ಮಡಿಸಿಟ್ಟೆ. ಮನೆಯ ಒದ್ದೆ ಜಾಗಗಳಲ್ಲೆಲ್ಲ ಬರಿಗಾಲಲ್ಲಿ ನಿಲ್ಲುವವರು ಯಾರು ಎಂದು ಯಾವ ಪ್ರೊಫೆಸರೂ ಹೇಳಬೇಕಾಗಿಲ್ಲವಲ್ಲ.

ಈಗ ತಪ್ಪಿನ ಲೆಕ್ಕ ನೋಡಿ. ಮಿಷಿನ್ನಿನೊಳಗೆ ಸೋರಿಕೆ ಇತ್ತು. ಹಸಿರು ತಂತಿ ಸರಿಯಾಗಿದ್ದಷ್ಟು ದಿನ ಅದು ನೆಲಕ್ಕೆ ಹೋಗುತ್ತಿತ್ತು. ಅದನ್ನು ಎಣಿಸಿಯೇ ಆರ್.ಸಿ.ಸಿ.ಬಿ. ಬೀಳುತ್ತಿತ್ತು, ನಮಗೆ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ. ಆಮೇಲೆ ಸ್ಕ್ರೂ ಸಡಿಲಾಗಿ ಹಸಿರು ತಂತಿ ಮೆಲ್ಲಗೆ ಜಾರಿತು. ಆ ಸಡಿಲು ಹುಡುಗನದು. ಸೋರಿದ್ದು ಹೋಗಲು ದಾರಿಯಿಲ್ಲದೆ ಮಿಷಿನ್ನಿನ ಮೈಯಲ್ಲೇ ಕಾದು ಕೂತಿತ್ತು, ಅವಳ ಕೈ ಬರುವವರೆಗೆ. ಎರಡು ತಪ್ಪುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಅವಳ ಮೊಣಕೈ ಉಳಿಯುತ್ತಿತ್ತು.

ಬೀದಿಯಲ್ಲಿ ಕೇಳಿದವರಿಗೆ ನಾನು ಹೇಳಿದ್ದು ಒಂದೇ. “ಅರ್ತು ಟೈಟ್ ಮಾಡಿರ್ಲಿಲ್ಲವಂತೆ, ಆ ಸ್ವಿಚ್ಚೂ ಕನೆಕ್ಷನ್ ಕೊಟ್ಟಿರ್ಲಿಲ್ಲವಂತೆ.” ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಸಣ್ಣ ಊರಿನಲ್ಲಿ ಇಂಥ ಮಾತಿಗೆ ನಾಲ್ಕು ದಿನ ಸಾಕು. ಚೆಂದ ಕೆಲಸ ಮಾಡುತ್ತಾನೆ ಎಂದು ನಾನು ಹೊಗಳಿದಾಗ ಅವನನ್ನು ಕರೆದವರೇ ಈಗ ಬಿಟ್ಟರು. ಅದೇ ವರ್ಷ ಅವನು ಬೆಂಗಳೂರಿಗೆ ಹೋದ. ಹೋಗುವ ಮೊದಲು ಕೆಲಸದಾಕೆಯ ಮನೆಗೆ ಹೋಗಿ ಒಂದು ಸಾವಿರ ರೂಪಾಯಿ ಕೊಟ್ಟುಬಂದನೆಂದು ಆಮೇಲೆ ತಿಳಿಯಿತು. ‘ಅಮ್ಮನೇ ಹೇಳಿದ್ದು’ ಎಂದು ಅವನು ಎಲ್ಲಿಯೂ ಹೇಳಲಿಲ್ಲ.

ತಂಗಿಯೊಬ್ಬಳಿಗೆ ಮಾತ್ರ ಒಂದಿಷ್ಟು ಹೇಳಿಕೊಂಡಿದ್ದೆ. ಅವಳು ವಕೀಲರ ಹೆಂಡತಿ. “ನಿಂಗೇನು ಗೊತ್ತು ಅಕ್ಕ? ರೋಗಿ ಕೇಳಿದ ಅಂತ ಡಾಕ್ಟರು ವಿಷ ಕೊಡೋದಾ? ಗೊತ್ತಿದ್ದವನು ಅವನು, ಆಗಲ್ಲ ಅನ್ಬೇಕಿತ್ತು” ಎಂದಳು. ಬಹಳ ದಿನ ನಾನು ಈ ಮಾತಿನ ನೆರಳಿನಲ್ಲಿ ಕೂತಿದ್ದೆ. ಮಾತು ತಪ್ಪೇನಲ್ಲ. ಗೊತ್ತಿಲ್ಲದವಳು ನಾನು, ನಿಜ. ಆದರೆ ಗೊತ್ತಿದ್ದವನು ‘ಇದು ಸುಮ್ಮನೆ ಬೀಳೋದಲ್ಲ’ ಎಂದದ್ದನ್ನು ಕೇಳಿದ ಮೇಲೂ ನನ್ನದು ಗೊತ್ತಿಲ್ಲದಿರುವುದೇ? ಪಕ್ಕದ ಮನೆಯವರ ಮುಂದೆ ಒಮ್ಮೆ, ಒಳ್ಳೆ ಎಲೆಕ್ಟ್ರಿಷಿಯನ್ ಎಂದು ಗುರುತಿಸುವುದು ಹೇಗೆ ಎಂದು ಕೇಳಿದೆ. “ಆಗಲ್ಲ ಅಂತ ಅನ್ನೋಕೆ ಬರಬೇಕು ಕಣಮ್ಮ ಅವನಿಗೆ. ಆದರೆ ಆಗಲ್ಲ ಅಂದೋನನ್ನ ನೀವು ಎರಡನೇ ಸಲ ಕರೀತೀರಾ?” ಎಂದರು. ಅವರು ಸುಮ್ಮನೆ ಅಂದದ್ದು. ನನಗೆ ಮಾತ್ರ, ಆ ಹುಡುಗನಿಗೂ ಮೊದಲು ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಮುದುಕ ನೆನಪಾದ. ಗೀಸರಿನ ಎಂ.ಸಿ.ಬಿ. ಬೀಳುತ್ತದೆ, ದೊಡ್ಡದು ಹಾಕು ಎಂದದ್ದಕ್ಕೆ, ತಂತಿ ಸಣ್ಣದಿರುವಾಗ ದೊಡ್ಡದು ಹಾಕಿದರೆ ಗೋಡೆಯೇ ಉರಿದೀತು, ನಾನು ಹಾಕುವವನಲ್ಲ ಎಂದು ಚೀಲ ಎತ್ತಿಕೊಂಡು ಹೋಗಿದ್ದ. ಬಾಯಿ ಜೋರು ಎಂದು ಅವನನ್ನು ಮತ್ತೆ ಕರೆಯಲಿಲ್ಲ ನಾನು.

ಹೈಸ್ಕೂಲಿನಲ್ಲಿ ನಮಗೆ ಕಸೂತಿ ಹೇಳಿಕೊಡುತ್ತಿದ್ದ ಟೀಚರು ಮುಂಭಾಗ ನೋಡುತ್ತಲೇ ಇರಲಿಲ್ಲ. ಬಟ್ಟೆ ಕೈಗೆ ಬಂದ ತಕ್ಷಣ ಮಗುಚಿ, ಹಿಂಬದಿಯ ಗಂಟುಗಳ ಮೇಲೆ ಬೆರಳಾಡಿಸುತ್ತಿದ್ದರು. ಹಿಂದೆ ದಾರ ಅಡ್ಡಾದಿಡ್ಡಿ ಹಾರಿದ್ದರೆ ಮುಂದಿನ ಗೋಪುರ, ನವಿಲು ಎಷ್ಟು ಚೆಂದವಿದ್ದರೂ ಬಿಚ್ಚಿಸುತ್ತಿದ್ದರು. ನಮ್ಮ ರವಿಕೆಯ ಹೊಲಿಗೆಯನ್ನು ನಾವು ಹಾಗೇ ನೋಡುತ್ತೇವೆ, ಹಪ್ಪಳದ ಅಂಚನ್ನು ಹಾಗೇ ನೋಡುತ್ತೇವೆ. ಆದ್ದರಿಂದ ಆ ಪೆಟ್ಟಿಗೆ ನಮಗೆ ತಿಳಿಯದ್ದು ಎಂದು ಕೈ ಚೆಲ್ಲಬೇಕಾಗಿಲ್ಲ. ಒಳಗಿನ ತಗಡನ್ನು ಮುಟ್ಟಬೇಡಿ, ಅದನ್ನು ಬಿಚ್ಚುವುದು ಬಲ್ಲವರ ಕೆಲಸ. ಹೊರಬಾಗಿಲು ತೆಗೆದರೇ ಕಾಣುವುದು ಎಷ್ಟೋ ಇದೆ. ಯಾವುದು ಯಾವುದರದು ಎಂದು ಬರೆದಿದೆಯೇ, ಖಾಲಿ ಬಿಟ್ಟ ತೂತುಗಳಲ್ಲಿ ಬೆರಳು ಹೋಗುವಂತಿದೆಯೇ, ಸುಟ್ಟ ವಾಸನೆ, ಕಂದಿದ ಬಣ್ಣ. ಹಳದಿ ಗುಂಡಿ ಒತ್ತಿದರೆ ಬೀಳಬೇಕು. ಬಿದ್ದರೂ ಅರ್ತು ಸರಿಯಿದೆ ಎಂದಾಗುವುದಿಲ್ಲ, ಅದನ್ನು ಬೇರೆಯೇ ಅಳೆಸಬೇಕು. ಬಲ್ಲವರು ಬಂದಾಗ ಪಕ್ಕದಲ್ಲಿ ನಿಂತು, ಒಂದು ಸ್ಕ್ರೂವಿಗೆ ಎರಡು ಮೂರು ತಂತಿ ತುರುಕಿದ್ದಾರೆಯೇ ಎಂದು ಕೇಳಿ. ಎಳೆದು ನೋಡಲು ಹೇಳಿ.

ನಿಯಮಗಳೇನೂ ಕಡಿಮೆಯಿಲ್ಲ. 1956ರ ನಿಯಮಗಳಿದ್ದವು, 2010ರಲ್ಲಿ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂತು, 2023ರಲ್ಲಿ ಅದೂ ಹೊಸದಾಯಿತು. ಮನೆಯ ವೈರಿಂಗಿಗೆ ಐ.ಎಸ್. 732, ಅರ್ತಿಂಗಿಗೆ ಐ.ಎಸ್. 3043. ಎಲ್ಲ ಒಳ್ಳೆಯವೇ. ಆದರೆ 2009ರ ಆ ಮಳೆಗಾಲದ ನಂತರ ಯಾವ ಅಧಿಕಾರಿ ಬಂದು ನಮ್ಮ ಪೆಟ್ಟಿಗೆಯ ಬಾಗಿಲು ತೆಗೆದಿದ್ದರೂ ಆರ್.ಸಿ.ಸಿ.ಬಿ. ಇದೆ, ಚೀಟಿಗಳಿವೆ, ಬಣ್ಣಗಳು ಸರಿಯಿವೆ ಎಂದು ಬರೆದುಕೊಂಡು ಹೋಗುತ್ತಿದ್ದರು. ಇದ್ದದ್ದೆಲ್ಲ ಇತ್ತು. ಮಡಿಸೀರೆ ಉಟ್ಟು ಜಗಲಿಯಲ್ಲಿ ಕೂತು ನೆರೆಯವಳ ಮೇಲೆ ಚಾಡಿ ಹೇಳುವವರ ಮಡಿಯಂತೆ. ಆ ಜಗಲಿಯಲ್ಲಿ ನಾನೂ ಕೂತಿದ್ದೆನಲ್ಲ.

2017ರಲ್ಲಿ ಒಂದು ಮದುವೆಯಲ್ಲಿ ಹುಡುಗ ಸಿಕ್ಕಿದ. ಹುಡುಗನೇನು, ಕಿವಿಯ ಹತ್ತಿರ ನರೆ. ಬೆಂಗಳೂರಿನಲ್ಲಿ ಪರೀಕ್ಷೆ ಕಟ್ಟಿ ತನ್ನದೇ ಲೈಸೆನ್ಸು ಮಾಡಿಕೊಂಡಿದ್ದ. ಅವನೇ ಬಂದು ಮಾತಾಡಿಸಿ, “ಡಿ.ಬಿ. ಸರಿ ಇದೆಯಾ ಅಮ್ಮಾ?” ಎಂದ. ಇದೆಯಪ್ಪಾ ಎಂದೆ. ಬಾಳೆಲೆಯ ಮುಂದೆ ಪಕ್ಕದಲ್ಲೇ ಕೂತ. ಪಾಯಸ ಬರುವ ಹೊತ್ತಿಗೆ, “ಆ ಹಸಿರು ವೈರು ಟೈಟ್ ಮಾಡಿದ್ದೆ ಅಂತಲೇ ನನ್ನ ನೆನಪು. ಆದರೆ ನೆನಪನ್ನ ನಂಬೋಕಾಗಲ್ಲ. ಈಗ ಪ್ರತಿಯೊಂದೂ ಎಳೆದೇ ನೋಡ್ತೀನಿ, ಹುಡುಗರ ಕೈಲೂ ಎಳೆಸ್ತೀನಿ” ಎಂದ. ತನ್ನ ಪಾಲನ್ನು ತಾನು ಎತ್ತಿಕೊಂಡು ತಿರುಗುತ್ತಿದ್ದ, ಏಳು ವರ್ಷದಿಂದ. ನನ್ನ ಪಾಲಿನ ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ಬಡಿಸುವವರು ಚಿರೋಟಿ ತಂದರು. ಬಡಿಸುವವರ ಮೇಲೆ ಹಾಕುವುದು ಬೇಡ. ನಾನು ಹೇಳಲಿಲ್ಲ, ಅಷ್ಟೆ.

ಕೆಲಸದಾಕೆ ಈಗಲೂ ಬರುತ್ತಾಳೆ. ಬಲಗೈಯಲ್ಲಿ ಬೆಡ್‌ಶೀಟು ಹಿಂಡಲು ಆಗುವುದಿಲ್ಲ, ಒಂದು ತುದಿ ನಾನು ಹಿಡಿಯುತ್ತೇನೆ. ತಿಂಗಳ ಮೊದಲ ದಿನ ಹಳದಿ ಗುಂಡಿ ಒತ್ತುವ ಕೆಲಸ ಅವಳದು. ಅವಳೇ ಕೇಳಿ ತೆಗೆದುಕೊಂಡದ್ದು. ಸ್ಟೂಲು ಹತ್ತಿ ಒತ್ತುತ್ತಾಳೆ. ಟಪ್. ಫ್ರಿಜ್ಜಿನ ಸದ್ದು ನಿಂತು ಮನೆಯೆಲ್ಲ ಒಮ್ಮೆಲೇ ನಿಶ್ಶಬ್ದವಾಗುತ್ತದೆ. “ಬಿತ್ತು ಅಮ್ಮಾ” ಎಂದು ಕಡ್ಡಿ ಮೇಲೆತ್ತುತ್ತಾಳೆ.

ಕಳೆದ ತಿಂಗಳು ಆ ನಿಶ್ಶಬ್ದದಲ್ಲಿ, ಅವಳು ಕಡ್ಡಿ ಎತ್ತುವ ಮುಂಚೆ, ಹೇಳಿಬಿಟ್ಟೆ. ಆ ಹುಡುಗ ತಾನಾಗಿ ಮಾಡಿದ್ದಲ್ಲ, ನಾನೇ ಮಾಡಿಸಿದ್ದು ಎಂದೆ. ಅವಳು ಬೆನ್ನು ತಿರುಗಿಸಿ ನಿಂತಿದ್ದವಳು ಹಾಗೇ ನಿಂತಳು.

“ನಂಗೊತ್ತು ಅಮ್ಮಾ. ಅವತ್ತು ನಾನು ಹಿತ್ಲಲ್ಲಿ ಕೊಳಗ ತಿಕ್ತಾ ಇದ್ನಲ್ಲ” ಎಂದಳು.

ಕಡ್ಡಿ ಎತ್ತಿದಳು. ಫ್ರಿಜ್ಜು ಗುರ್ ಎಂದಿತು. ಸ್ಟೂಲಿನಿಂದ ಇಳಿದು, ಬೆಡ್‌ಶೀಟು ಇವತ್ತು ನೆನೆಹಾಕೋದಾ ನಾಳೆಯಾ ಎಂದು ಕೇಳಿದಳು.